ವಿಜ್ಞಾನಿ ಪರಿಚಯ: ನೀರಿನೊಳಗಿನ ಬುಗುರಿ ಕಂಡ ಫೆಲಿಕ್ಸ್ ಬ್ಲಾಕ್

ಈಗ ನಮ್ಮ ಕಡೆ ಎಂ.ಆರ್.ಐ. ಅನ್ನೋ ಮಾತು ಕೇಳದ ಮನೆ ಕಡಿಮೆ. ಯಾರಿಗಾದರೂ ಲಕ್ವ ಹೊಡೆದರೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ, ಸೊಂಟದ ನೋವು ಎಷ್ಟು ಮಾತ್ರೆ ನುಂಗಿದರೂ ಬಿಡದಿದ್ದರೆ, ಎಂ.ಆರ್.ಐ. ಮಾಡಿಸಿ ಅಂತ ಡಾಕ್ಟರು ಚೀಟಿ ಬರೆದುಕೊಡ್ತಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಗಳಿಂದ ಹಾಸನಕ್ಕೋ ಮೈಸೂರಿಗೋ ಬೆಂಗಳೂರಿಗೋ ಹೋಗಿ ಬಂದವರು ಹೇಳೋದೆಲ್ಲ ಒಂದೇ. ದೊಡ್ಡ ಕೊಳವೆಯೊಳಗೆ ಮಲಗಿಸ್ತಾರೆ, ಟಕಟಕ ಅಂತ ಬಡಿದ ಹಾಗೆ ಸದ್ದು ಬರುತ್ತೆ, ಓಲೆ, ಉಂಗುರ, ತಾಯಿತ ಎಲ್ಲ ಬಿಚ್ಚಿಡಬೇಕು, ಅಲ್ಲಾಡದೆ ಇರಬೇಕು.

ಇದು ಎಕ್ಸ್‌ರೇ ಥರ ಒಂದು ಫೋಟೋ ತೆಗೆಯೋ ಯಂತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಫೋಟೋ ತೆಗೆಯುತ್ತೆ, ನಿಜ. ಆದರೆ ಇನ್ನೊಂದು ಕೆಲಸವನ್ನೂ ಮಾಡುತ್ತೆ. ದೇಹದೊಳಗೆ ರಕ್ತ ಯಾವ ನಾಳದಲ್ಲಿ ಯಾವ ಕಡೆಗೆ ಎಷ್ಟು ಜೋರಾಗಿ ಓಡ್ತಾ ಇದೆ ಅನ್ನೋದನ್ನ ಅಳೆದು ಕೊಡುತ್ತೆ. ಅದೂ ಸೂಜಿ ಚುಚ್ಚದೆ, ಎಲ್ಲೂ ಕೊಯ್ಯದೆ.

ನಾಲೆ ನೀರು ಕಂಡ ನಮಗೆ ಅಳತೆಯ ಲೆಕ್ಕ ಕಷ್ಟವಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ನಾಲೆಗೆ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಅಂತ ಪೇಪರಿನಲ್ಲಿ ಓದ್ತೀವಲ್ಲ, ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಹೆಚ್ಚುಕಡಿಮೆ 28 ಲೀಟರು. ನಾಲೆಯ ಅಗಲ, ನೀರಿನ ಆಳ, ಹರಿವಿನ ವೇಗ, ಈ ಮೂರನ್ನೂ ಗುಣಿಸಿದರೆ ಲೆಕ್ಕ ಬಂತು. ವೇಗ ತಿಳಿಯೋಕೆ ಒಂದು ತೆಂಗಿನ ಮಟ್ಟೆ ನೀರಿಗೆ ಬಿಟ್ಟು ಅದರ ಜೊತೆಗೆ ಏರಿ ಮೇಲೆ ನಡೆದರೂ ಅಂದಾಜು ಸಿಗುತ್ತೆ. ಬದುಕಿರೋ ಮನುಷ್ಯನ ರಕ್ತನಾಳದೊಳಗೆ ಏನನ್ನು ಬಿಡೋದು? ಏನೂ ಬಿಡಬೇಕಾಗಿಲ್ಲ, ನೀರಿನೊಳಗೇ ಗುರುತು ಇದೆ ಅಂತ ತೋರಿಸಿಕೊಟ್ಟವರಲ್ಲಿ ಮೊದಲಿಗರು ಫೆಲಿಕ್ಸ್ ಬ್ಲಾಕ್. (ಇದು ಬಿ.ಇ.ಓ. ಆಫೀಸಿನ ಬ್ಲಾಕ್ ಅಲ್ಲ, ಮನುಷ್ಯರ ಹೆಸರು.) ಈ ಸಲ ಅವರ ಜೀವನ ಬರೀತಾ ಇದ್ದೀನಿ.

ಬ್ಲಾಕ್ ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ, 1905ನೇ ಇಸವಿ ಅಕ್ಟೋಬರ್ 23ರಂದು. ಯಹೂದಿ ಮನೆತನ. ತಂದೆ ಗುಸ್ತಾವ್ ದವಸ ಧಾನ್ಯದ ಸಗಟು ವ್ಯಾಪಾರಿ. ಹುಡುಗ ಮಾತು ಕಡಿಮೆ, ಲೆಕ್ಕ ಅಂದ್ರೆ ಪ್ರಾಣ. ಇವನಿಗಿಂತ ದೊಡ್ಡವಳಾದ ಅಕ್ಕ ಒಬ್ಬಳಿದ್ದಳು. ಆಕೆ 12 ವರ್ಷಕ್ಕೇ ತೀರಿಕೊಂಡಳು. ಆಮೇಲೆ ಹುಡುಗ ಇನ್ನೂ ಒಳಗೊಳಗೇ ಇರೋ ಸ್ವಭಾವದವನಾದ. ಪಿಯಾನೋ ಕಲಿತ. ಬೆಟ್ಟ ಹತ್ತೋ ಹುಚ್ಚು ಹಿಡಿಸಿಕೊಂಡ. ಈ ಎರಡೂ ಕೊನೇವರೆಗೆ ಅವರ ಜೊತೆಗಿದ್ದವು.

1924ರಲ್ಲಿ ಜ್ಯೂರಿಕ್‌ನ ದೊಡ್ಡ ತಾಂತ್ರಿಕ ವಿದ್ಯಾಲಯಕ್ಕೆ ಸೇರಿದ್ದು ಇಂಜಿನಿಯರ್ ಆಗೋದಕ್ಕೆ. ಒಂದು ವರ್ಷ ಓದೋ ಹೊತ್ತಿಗೆ ಇದು ತನಗೆ ಬೇಡ, ಭೌತಶಾಸ್ತ್ರವೇ ಬೇಕು ಅನ್ನಿಸಿತು. ಬಿಟ್ಟು ಬದಲಾಯಿಸಿಕೊಂಡರು. ಈಗಿನ ಕಾಲದಲ್ಲಿ ಇಂಜಿನಿಯರಿಂಗ್ ಸೀಟು ಬಿಟ್ಟು ಬಿ.ಎಸ್ಸಿ.ಗೆ ಬಂದೆ ಅಂತ ಮನೇಲಿ ಹೇಳಿದರೆ ಏನಾಗುತ್ತೆ ಅಂತ ನಾನು ಬರೆಯೋದು ಬೇಡ. ಅಲ್ಲಿ ಡಿಬೈ ಅನ್ನೋ ಒಳ್ಳೆಯ ಗುರು ಸಿಕ್ಕಿದರು. 1927ರಲ್ಲಿ ಬ್ಲಾಕ್ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ಹೈಸನ್‌ಬರ್ಗ್ ಅವರ ಕೈಕೆಳಗೆ ಸಂಶೋಧನೆಗೆ ಕೂತರು. ಹೈಸನ್‌ಬರ್ಗ್ ಅಂದ್ರೆ ಕ್ವಾಂಟಂ ವಿಜ್ಞಾನ ಕಟ್ಟಿದವರಲ್ಲಿ ಒಬ್ಬರು. ಅವರ ಮೊಟ್ಟ ಮೊದಲ ಡಾಕ್ಟರೇಟ್ ಶಿಷ್ಯನೇ ಬ್ಲಾಕ್. 1928ರಲ್ಲಿ ಪದವಿ ಬಂದಾಗ ಗುರುವಿಗೆ 26 ವರ್ಷ, ಶಿಷ್ಯನಿಗೆ 22!

ಆ ಪ್ರಬಂಧದಲ್ಲಿ ಅವರು ಬಿಡಿಸಿದ ಒಗಟು ಇದು: ತಾಮ್ರದ ತಂತಿಯೊಳಗೆ ಪರಮಾಣುಗಳು ಒತ್ತೊತ್ತಾಗಿ ತುಂಬಿವೆ, ಆದರೂ ಎಲೆಕ್ಟ್ರಾನುಗಳು ಅಷ್ಟು ಸಲೀಸಾಗಿ ಹೇಗೆ ಓಡ್ತವೆ? ಬ್ಲಾಕ್ ಲೆಕ್ಕ ಹಾಕಿ ತೋರಿಸಿದರು. ಎಲೆಕ್ಟ್ರಾನು ಒಂದು ಅಲೆ. ಪರಮಾಣುಗಳು ಸಾಲು ತಪ್ಪದೆ ಒಂದೇ ಅಂತರದಲ್ಲಿ ನಿಂತಿದ್ದರೆ ಆ ಅಲೆಗೆ ತಡೆಯೇ ಇಲ್ಲ. ಚನ್ನರಾಯಪಟ್ಟಣದ ಕಡೆ ಸಾಲಾಗಿ ನೆಟ್ಟ ತೆಂಗಿನ ತೋಟದೊಳಗೆ ನಿಂತು ನೋಡಿ, ಮರ ನೂರಾರು ಇದ್ದರೂ ಸಾಲಿನ ನಡುವೆ ಆ ತುದಿಯವರೆಗೆ ಕಾಣುತ್ತೆ. ಹೋಲಿಕೆ ಪೂರಾ ಸರಿಯಲ್ಲ, ಆದರೂ ಹತ್ತಿರದ್ದು. ಇದಕ್ಕೆ ಇವತ್ತಿಗೂ ಬ್ಲಾಕ್ ತರಂಗ ಅಂತಲೇ ಹೆಸರು. ಟ್ರಾನ್ಸಿಸ್ಟರ್ ಆಗಲಿ ಮೊಬೈಲ್ ಫೋನ್ ಆಗಲಿ, ಅದರೊಳಗಿನ ವಿಜ್ಞಾನ ಇಲ್ಲಿಂದಲೇ ಶುರು. ಬರೀ ಇಷ್ಟು ಮಾಡಿ ಸುಮ್ಮನಾಗಿದ್ದರೂ ಅವರ ಹೆಸರು ಉಳೀತಿತ್ತು.

ಮುಂದೆ ಕೆಲವು ವರ್ಷ ಪೌಲಿ, ಬೋರ್, ಫರ್ಮಿ ಮುಂತಾದ ಘಟಾನುಘಟಿಗಳ ಹತ್ತಿರ ಕೆಲಸ ಮಾಡಿ ಮತ್ತೆ ಲೈಪ್‌ಜಿಗ್‌ಗೆ ಬಂದು ಪಾಠ ಹೇಳ್ತಾ ಇದ್ದರು. ಅಷ್ಟರಲ್ಲಿ 1933 ಬಂತು. ಜನವರಿಯಲ್ಲಿ ಹಿಟ್ಲರ್ ಗದ್ದುಗೆ ಏರಿದ. ಏಪ್ರಿಲ್‌ನಲ್ಲಿ ಯಹೂದಿಗಳನ್ನ ಸರ್ಕಾರಿ ಕೆಲಸಗಳಿಂದ, ವಿಶ್ವವಿದ್ಯಾಲಯಗಳಿಂದ ತೆಗೆದುಹಾಕೋ ಕಾನೂನು ಬಂತು. ಬ್ಲಾಕ್ ಕಾಯಲಿಲ್ಲ. ಆ ವಸಂತದಲ್ಲೇ ಜರ್ಮನಿ ಬಿಟ್ಟರು. 27 ವರ್ಷದ ಯುವಕ, ಕೆಲಸವಿಲ್ಲ, ಮುಂದೆ ಎಲ್ಲಿ ಅನ್ನೋದು ಗೊತ್ತಿಲ್ಲ. ಕೆಲವು ತಿಂಗಳು ರೋಮ್ ನಗರದಲ್ಲಿ ಫರ್ಮಿ ಜೊತೆಗಿದ್ದು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕರೆದಾಗ 1934ರಲ್ಲಿ ಸಮುದ್ರ ದಾಟಿ ಹೋದರು. ಅಲ್ಲಿಯವರೆಗೆ ಪೆನ್ನು, ಕಾಗದ, ಲೆಕ್ಕ ಇಷ್ಟೇ ಅವರ ಪ್ರಪಂಚ. ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿಗೆ ಕೈಯಲ್ಲಿ ಮಾಡಿ ನೋಡೋ ಆಸೆ ಹುಟ್ಟಿತು. ಲೂಯಿಸ್ ಆಲ್ವರೆಜ್ ಜೊತೆ ಸೇರಿ ನ್ಯೂಟ್ರಾನಿನ ಅಯಸ್ಕಾಂತ ಗುಣ ಎಷ್ಟು ಅಂತ ಅಳೆದು 1940ರಲ್ಲಿ ಪ್ರಕಟಿಸಿದರು. 1939ರಲ್ಲಿ ಅಮೆರಿಕದ ಪ್ರಜೆಯಾದರು, 1940ರಲ್ಲಿ ಲೋರೆ ಮಿಷ್ ಎಂಬ ವಿಜ್ಞಾನಿಯನ್ನು ಮದುವೆಯಾದರು. ಆಕೆಯೂ ಜರ್ಮನಿ ಬಿಟ್ಟು ಬಂದವರೇ. ನಾಲ್ಕು ಮಕ್ಕಳಾದರು.

ಎರಡನೇ ಮಹಾಯುದ್ಧದಲ್ಲಿ ಸ್ವಲ್ಪ ಕಾಲ ಲಾಸ್ ಅಲಮೋಸ್‌ನಲ್ಲಿ ಇದ್ದರು. ಅಣುಬಾಂಬು ಮಾಡಿದ ಜಾಗ ಅದು. ಅಲ್ಲಿ ನಿಲ್ಲದೆ ಹಾರ್ವರ್ಡ್‌ಗೆ ಬಂದು, ಶತ್ರುಗಳ ರೇಡಾರ್ ಕಣ್ಣಿಗೆ ಮಣ್ಣೆರಚೋ ಕೆಲಸಕ್ಕೆ ಸೇರಿದರು. ನನಗನ್ನಿಸೋದು, ಮುಂದಿನ ಕಥೆಗೆಲ್ಲ ಈ ರೇಡಾರ್ ಕೆಲಸವೇ ಬುನಾದಿ. ರೇಡಿಯೋ ಅಲೆಯನ್ನು ಹುಟ್ಟಿಸೋದು, ಸಣ್ಣ ಸಪ್ಪಳದಂಥ ಸಂಕೇತವನ್ನು ಹಿಡಿದು ದೊಡ್ಡದು ಮಾಡೋದು, ಇದನ್ನೆಲ್ಲ ಲೆಕ್ಕದ ಮನುಷ್ಯ ಅಲ್ಲಿ ಕಲಿತದ್ದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನೀರಿನ ಒಂದೊಂದು ಅಣುವಿನಲ್ಲೂ ಎರಡು ಹೈಡ್ರೋಜನ್ ಇದೆ, ಇದು ನಮಗೆಲ್ಲ ಗೊತ್ತು. ಹೈಡ್ರೋಜನ್ನಿನ ನಡುವೆ ಒಂದು ಪ್ರೋಟಾನ್. ಆ ಪ್ರೋಟಾನು ತನ್ನಷ್ಟಕ್ಕೆ ತಾನು ಗಿರಗಿರ ತಿರುಗೋ ಬುಗುರಿಯ ಹಾಗೆ, ಜೊತೆಗೆ ಅದೊಂದು ಪುಟ್ಟ ಅಯಸ್ಕಾಂತ ಕೂಡ. ಬುಗುರಿ ಆಡಿಸಿದವರು ನೋಡಿರ್ತೀರಿ, ಬುಗುರಿ ಓರೆಯಾದಾಗ ಬೀಳೋದಿಲ್ಲ, ಅದರ ತಲೆ ನಿಧಾನಕ್ಕೆ ಸುತ್ತು ಹೊಡೆಯುತ್ತೆ. ಪ್ರೋಟಾನನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟರೆ ಅದರ ತಲೆಯೂ ಹಾಗೇ ಸುತ್ತುತ್ತೆ. ಎಷ್ಟು ವೇಗವಾಗಿ ಅನ್ನೋದು ಅಯಸ್ಕಾಂತದ ಬಲದ ಮೇಲೆ. ಒಂದು ಟೆಸ್ಲಾ ಬಲಕ್ಕೆ ಸೆಕೆಂಡಿಗೆ 4 ಕೋಟಿ 26 ಲಕ್ಷ ಸುತ್ತು, ಬಲ ಎರಡರಷ್ಟಾದರೆ ಸುತ್ತೂ ಎರಡರಷ್ಟು. ಈಗಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರೋದು 1.5 ಟೆಸ್ಲಾ ಯಂತ್ರ. ಅದು ನಮ್ಮ ಭೂಮಿಯ ಅಯಸ್ಕಾಂತ ಬಲಕ್ಕಿಂತ ಸುಮಾರು 35 ಸಾವಿರ ಪಟ್ಟು ಜಾಸ್ತಿ. ಅದರಲ್ಲಿ ಪ್ರೋಟಾನು ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸುತ್ತು ಹಾಕುತ್ತೆ, ಅಂದ್ರೆ 64 ಮೆಗಾಹರ್ಟ್ಸ್. ಎಫ್.ಎಂ. ರೇಡಿಯೋ ಶುರುವಾಗೋದು 88ರಲ್ಲಿ, ಅದಕ್ಕಿಂತ ಸ್ವಲ್ಪ ಕೆಳಗೆ.

ರೇಡಿಯೋದ ಕಿವಿ ತಿರುವಿ ಹಾಸನ ಆಕಾಶವಾಣಿಗೆ ಸರಿಯಾಗಿ ಕೂರಿಸಿದಾಗ ಮಾತ್ರ ಮಾತು ಕೇಳುತ್ತೆ ಅಲ್ವೇ? ಹಾಗೇ, ಪ್ರೋಟಾನು ಎಷ್ಟು ವೇಗದಲ್ಲಿ ಸುತ್ತುತ್ತೋ ಸರಿಯಾಗಿ ಅದೇ ವೇಗದ ರೇಡಿಯೋ ಅಲೆ ಬಿಟ್ಟರೆ ಮಾತ್ರ ಅದು ಓಗೊಡುತ್ತೆ, ವಾಲಿಕೊಂಡು ಸುತ್ತೋಕೆ ಶುರುಮಾಡುತ್ತೆ. ಸುತ್ತೋ ಅಯಸ್ಕಾಂತದ ಪಕ್ಕ ತಾಮ್ರದ ಸುರುಳಿ ಇಟ್ಟರೆ ಅದರಲ್ಲಿ ವಿದ್ಯುತ್ ಹುಟ್ಟುತ್ತೆ, ನಮ್ಮ ಸೈಕಲ್ ಡೈನಮೋದ ತತ್ವವೇ. ಆ ವಿದ್ಯುತ್ತೇ ನೀರಿನ ಉತ್ತರ. ತೊಂದರೆ ಏನಪ್ಪಾ ಅಂದ್ರೆ ಅದು ಭಾರೀ ಸಣ್ಣ ದನಿ. ಅಷ್ಟು ದೊಡ್ಡ 1.5 ಟೆಸ್ಲಾದಲ್ಲೂ 10 ಲಕ್ಷ ಪ್ರೋಟಾನುಗಳಲ್ಲಿ ಅತ್ತ ಇತ್ತ ಮುಖ ಮಾಡಿದವು ಒಂದನ್ನೊಂದು ವಜಾ ಮಾಡಿ ಉಳಿಯೋದು ಬರೀ ಐದು. ಆ ಐದರ ಮಾತನ್ನೇ ಕೇಳಿಸಿಕೊಳ್ಳಬೇಕು. ಹಾಲೆಂಡಿನ ಗೋರ್ಟರ್ ಎಂಬ ಒಳ್ಳೆಯ ವಿಜ್ಞಾನಿ 1936ರಲ್ಲಿ ಒಮ್ಮೆ, 1942ರಲ್ಲಿ ಮತ್ತೊಮ್ಮೆ ಪ್ರಯತ್ನಪಟ್ಟು ಎರಡು ಸಲವೂ ಬರಿಗೈಲಿ ಕೂತರು.

ಯುದ್ಧ ಮುಗಿದ ಮೇಲೆ ಬ್ಲಾಕ್ ಸ್ಟ್ಯಾನ್‌ಫರ್ಡ್‌ಗೆ ವಾಪಸ್ಸಾದರು. ವಿಲಿಯಂ ಹ್ಯಾನ್ಸನ್, ಮಾರ್ಟಿನ್ ಪ್ಯಾಕರ್ಡ್ ಇಬ್ಬರನ್ನು ಜೊತೆಗಿಟ್ಟುಕೊಂಡು ಕೆಲಸ ಶುರುಮಾಡಿದರು. 1946ರ ಆರಂಭದಲ್ಲಿ ನೀರು ಓಗೊಟ್ಟಿತು. ವಿಚಿತ್ರ ನೋಡಿ, ಅದೇ ಹೊತ್ತಿಗೆ ಅಮೆರಿಕದ ಇನ್ನೊಂದು ತುದಿಯಲ್ಲಿ ಎಡ್ವರ್ಡ್ ಪರ್ಸೆಲ್ ಮತ್ತು ಅವರ ಇಬ್ಬರು ಗೆಳೆಯರು 1945ರ ಡಿಸೆಂಬರ್‌ನಲ್ಲಿ ಇದನ್ನೇ ಕಂಡುಹಿಡಿದಿದ್ದರು. ಇವರ ಕೈಲಿ ನೀರು, ಅವರ ಕೈಲಿ ಮೇಣ. ಅವರೂ ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿದವರೇ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಂದು ತಿಂಗಳ ಹೆಚ್ಚುಕಡಿಮೆಯಲ್ಲಿ ಎರಡೂ ವರದಿ ಒಂದೇ ಪತ್ರಿಕೆಯಲ್ಲಿ ಬಂದವು.

ಬ್ಲಾಕ್ ಸುರುಳಿಯೊಳಗೆ ತಮ್ಮ ಬೆರಳನ್ನೇ ಇಟ್ಟು ನೋಡಿದರಂತೆ, ಬೆರಳಿನಿಂದಲೂ ಜೋರಾಗಿ ಸಂಕೇತ ಬಂತಂತೆ. ಈ ಕಥೆಯನ್ನ ಎಂ.ಆರ್.ಐ. ಬಗ್ಗೆ ಬರೆಯೋರು ತುಂಬಾ ಜನ ಹೇಳ್ತಾರೆ. ಬರದೆ ಏನು ಮಾಡೀತು? ನಮ್ಮ ಮೈಯಲ್ಲಿ ನೂರಕ್ಕೆ ಅರವತ್ತು ಪಾಲು ನೀರೇ. ಆದರೆ ಆ ಬೆರಳಿನೊಳಗೆ ಓಡ್ತಾ ಇದ್ದ ರಕ್ತದ ಕಡೆ ಆಗ ಯಾರ ಲಕ್ಷ್ಯವೂ ಹೋಗಲಿಲ್ಲ.

ಅದೇ ವರ್ಷ ಬ್ಲಾಕ್ ಕೆಲವು ಸಮೀಕರಣಗಳನ್ನು ಬರೆದರು. ವಾಲಿಸಿದ ಪ್ರೋಟಾನುಗಳು ಎಷ್ಟು ಹೊತ್ತಿನಲ್ಲಿ ಮೊದಲಿನ ಸ್ಥಿತಿಗೆ ಮರಳ್ತವೆ, ಒಟ್ಟಿಗೆ ಹೆಜ್ಜೆ ಹಾಕ್ತಾ ಇದ್ದವು ಎಷ್ಟು ಹೊತ್ತಿನಲ್ಲಿ ಚದುರಿ ಹೋಗ್ತವೆ ಅನ್ನೋ ಲೆಕ್ಕ ಅದು. ಬ್ಲಾಕ್ ಸಮೀಕರಣ ಗೊತ್ತಿಲ್ಲದೆ ಇವತ್ತಿಗೂ ಯಾರೂ ಎಂ.ಆರ್.ಐ. ಯಂತ್ರ ಕಟ್ಟೋಕಾಗಲ್ಲ. ಜೊತೆಗಾರ ಹ್ಯಾನ್ಸನ್ ಮಾತ್ರ ಈ ವೈಭವವನ್ನೆಲ್ಲ ನೋಡೋಕೆ ಉಳಿಯಲಿಲ್ಲ. ಶ್ವಾಸಕೋಶದ ಕಾಯಿಲೆಯಿಂದ 1949ರಲ್ಲಿ ತೀರಿಕೊಂಡರು, ಇನ್ನೂ 40 ತುಂಬಿರಲಿಲ್ಲ.

ಇಲ್ಲಿಂದ ಕಥೆ ನಮ್ಮ ಬೆಂಗಳೂರಿಗೆ ಬರುತ್ತೆ! ಇದನ್ನ ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ 1909ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಸಂಸ್ಥೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅಲ್ಲಿನ ಭೌತಶಾಸ್ತ್ರ ವಿಭಾಗದಲ್ಲಿ ಜಿ. ಸೂರ್ಯನ್ ಅಂತ ಒಬ್ಬರಿದ್ದರು. ಬ್ಲಾಕ್ ಮತ್ತು ಪರ್ಸೆಲ್ ನಿಂತ ನೀರಿನಿಂದ, ಗಟ್ಟಿ ಮೇಣದಿಂದ ಉತ್ತರ ತೆಗೆದರು. ಹರಿಯೋ ನೀರಾದರೆ ಏನಾಗುತ್ತೆ? ಈ ಪ್ರಶ್ನೆ ಹಿಡಿದು ಹೊರಟವರು ಸೂರ್ಯನ್. 1951ರಲ್ಲಿ, ಸರ್ ಸಿ.ವಿ. ರಾಮನ್ ಅವರು ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರ ಪುಟ್ಟ ಲೇಖನ ಬಂತು. ಹರಿಯುವ ದ್ರವದಲ್ಲಿ ಪರಮಾಣು ಬೀಜಗಳ ಅನುರಣನ ಅನ್ನೋದೇ ಅದರ ವಿಷಯ.

ಅವರು ಕಂಡದ್ದು ಏನು ಅಂತ ನಮ್ಮ ಹುಣಸೆ ಮರದ ಮೇಲೆ ಇಟ್ಟು ಹೇಳ್ತೀನಿ. ಹಣ್ಣು ತುಂಬಿದ ಮರ ಅಲ್ಲಾಡಿಸಿದರೆ ಮೊದಲ ಸಲ ದಬದಬ ಬೀಳ್ತವೆ. ಅದೇ ಮರವನ್ನ ಬಿಡದೆ ಅಲ್ಲಾಡಿಸ್ತಾ ಇದ್ದರೆ? ಒಂದೋ ಎರಡೋ ಬಿದ್ದಾವು. ಮತ್ತೆ ಹಣ್ಣಾಗೋಕೆ ಸಮಯ ಬೇಕು. ನಿಂತ ನೀರಿನ ಪ್ರೋಟಾನುಗಳೂ ಹೀಗೆ, ಜೋರಾದ ರೇಡಿಯೋ ಅಲೆ ಬಿಡ್ತಾ ಹೋದರೆ ದಣಿದು ಉತ್ತರ ಕೊಡೋದು ಕಡಿಮೆ ಮಾಡ್ತವೆ. ಸುಧಾರಿಸಿಕೊಳ್ಳೋಕೆ ನೀರಿನಲ್ಲಿ ಎರಡು ಮೂರು ಸೆಕೆಂಡು ಬೇಕು. ಆದರೆ ಕೊಳವೆಯಲ್ಲಿ ನೀರು ಹರೀತಾ ಇದ್ದರೆ, ಅಲ್ಲಾಡಿಸಿದ ಮರ ಮುಂದೆ ಹೋಗಿ ಹಣ್ಣು ತುಂಬಿದ ಹೊಸ ಮರ ಬಂದು ನಿಂತ ಹಾಗೆ. ದಣಿದ ಪ್ರೋಟಾನು ಆಚೆ ಹೋಯ್ತು, ದಣಿಯದ ಪ್ರೋಟಾನು ಒಳಗೆ ಬಂತು. ಅದಕ್ಕೇ ನೀರು ಹರಿದಾಗ ಸಂಕೇತ ಜೋರಾಯಿತು. ಇದನ್ನ ತಿರುಗಿಸಿ ಯೋಚಿಸಿ. ಸಂಕೇತ ಎಷ್ಟು ಜೋರಾಗಿದೆ ಅಂತ ನೋಡಿದರೆ ನೀರು ಎಷ್ಟು ವೇಗವಾಗಿ ಹರೀತಿದೆ ಅಂತ ಹೇಳಬಹುದು, ಕೊಳವೆಯೊಳಗೆ ಕಡ್ಡಿ ಕೂಡ ಹಾಕದೆ!

ಈ ವಿದ್ಯೆಯ ಚರಿತ್ರೆ ಬರೆಯೋ ವಿದೇಶಿ ವಿದ್ವಾಂಸರು ಶುರುಮಾಡೋದೇ ಸೂರ್ಯನ್ ಹೆಸರಿನಿಂದ. ನಾವು ಓದಿದ ಪಠ್ಯಪುಸ್ತಕಗಳಲ್ಲಿ ಅದು ನನಗೆ ಸಿಕ್ಕಿಲ್ಲ. ಆ ಕಾಲದಲ್ಲಿ ಇಂಥ ಉಪಕರಣ ಅಂಗಡಿಗೆ ಹೋಗಿ ಕೊಂಡು ತರೋ ಅಂಥದ್ದೂ ಆಗಿರಲಿಲ್ಲ. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ, ದೇಶದಲ್ಲಿ ಅಕ್ಕಿಗೇ ರೇಷನ್ನು, ಅಂಥ ಹೊತ್ತಲ್ಲಿ ಬೆಂಗಳೂರಿನ ಒಂದು ಕೋಣೆಯಲ್ಲಿ ಜಗತ್ತಿನಲ್ಲಿ ಯಾರೂ ಮಾಡದ ಪ್ರಯೋಗ ಆಯ್ತು. ಪಾಠ ಮಾಡುವಾಗ ಮೇಷ್ಟ್ರುಗಳು ಈ ಹೆಸರನ್ನ ಒಂದು ಸಲ ಹೇಳಬೇಕು ಅಂತ ನನ್ನ ಕೋರಿಕೆ.

ಮರುವರ್ಷ, 1952ರಲ್ಲಿ, ಬ್ಲಾಕ್ ಮತ್ತು ಪರ್ಸೆಲ್ ಇಬ್ಬರಿಗೂ ಸೇರಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆಗಿನ್ನೂ ಇದು ರಸಾಯನ ಪದಾರ್ಥಗಳನ್ನು ಪರೀಕ್ಷೆ ಮಾಡೋ ವಿದ್ಯೆ, ರೋಗಿಗಳಿಗೂ ಇದಕ್ಕೂ ಸಂಬಂಧವಿರಲಿಲ್ಲ. 1954ರಲ್ಲಿ ಯೂರೋಪಿನ ಹಲವು ದೇಶಗಳು ಕೂಡಿ ಜಿನೀವಾದಲ್ಲಿ ಕಟ್ಟಿದ ಸೆರ್ನ್ ಸಂಸ್ಥೆಗೆ ಬ್ಲಾಕ್ ಮೊದಲ ಮಹಾನಿರ್ದೇಶಕರಾದರು. ಇಪ್ಪತ್ತೊಂದು ವರ್ಷದ ಹಿಂದೆ ಯೂರೋಪಿನಿಂದ ಓಡಿಹೋಗಬೇಕಾಗಿ ಬಂದ ಮನುಷ್ಯನನ್ನೇ ಅದೇ ಯೂರೋಪು ಕರೆದು ದೊಡ್ಡ ಕುರ್ಚಿ ಮೇಲೆ ಕೂರಿಸಿತು. ಆದರೆ ಫೈಲು, ಸಭೆ, ಕಟ್ಟಡ, ಇವು ಅವರಿಗೆ ಒಗ್ಗಲಿಲ್ಲ. 1955ರಲ್ಲೇ ಬಿಟ್ಟು ಸ್ಟ್ಯಾನ್‌ಫರ್ಡ್‌ನ ಪಾಠ ಪ್ರಯೋಗಗಳಿಗೆ ಹಿಂದಿರುಗಿದರು. ನನ್ನ ಮಟ್ಟಿಗೆ ಇದು ನೊಬೆಲ್‌ಗಿಂತ ದೊಡ್ಡದು. ಸಿಕ್ಕ ಅಧಿಕಾರ ಬಿಡೋದು ಸುಲಭವೇ?

ರಕ್ತದ ಕಡೆಗೆ ಲಕ್ಷ್ಯ ಹೋದದ್ದು 1959ರಲ್ಲಿ. ಕ್ಯಾಲಿಫೋರ್ನಿಯಾದ ಸಿಂಗರ್ ಎಂಬ ವಿಜ್ಞಾನಿ ಜೀವಂತ ಇಲಿಯ ಬಾಲವನ್ನು ಸುರುಳಿಯೊಳಗೆ ತೂರಿಸಿ ಅದರಲ್ಲಿ ಹರಿಯೋ ರಕ್ತದ ವೇಗ ಅಳೆದರು. ಬೆಂಗಳೂರಿನ ಕೊಳವೆಯ ಜಾಗದಲ್ಲಿ ಇಲಿ ಬಾಲ, ನೀರಿನ ಜಾಗದಲ್ಲಿ ರಕ್ತ, ತತ್ವ ಹತ್ತಿರ ಹತ್ತಿರ ಅದೇ. ಮರುವರ್ಷ ಎರ್ವಿನ್ ಹಾನ್ ಇನ್ನೊಂದು ದಾರಿ ಸೂಚಿಸಿದರು. ಇವರು ಹಿಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ಲಾಕ್ ಜೊತೆ ಇದ್ದವರು. ಅವರಿಗೆ ಬೇಕಾಗಿದ್ದದ್ದು ಸಮುದ್ರದ ನೀರಿನ ಚಲನೆ ಪತ್ತೆ ಮಾಡೋದು. ಸಮುದ್ರಕ್ಕೆ ಅಂತ ಯೋಚಿಸಿದ್ದು ಕೊನೆಗೆ ಉಪಯೋಗಕ್ಕೆ ಬಂದದ್ದು ಹೃದಯಕ್ಕೆ.

ಹೇಗೆ ಅಂತೀರಾ? ಅಯಸ್ಕಾಂತದ ಬಲವನ್ನ ಒಂದು ತುದಿಯಲ್ಲಿ ಚೂರು ಜಾಸ್ತಿ, ಇನ್ನೊಂದು ತುದಿಯಲ್ಲಿ ಚೂರು ಕಡಿಮೆ ಮಾಡ್ತಾರೆ, ಗದ್ದೆಗೆ ಇಳಿಜಾರು ಕೊಟ್ಟ ಹಾಗೆ. ಬಲ ಜಾಸ್ತಿ ಇರೋ ಕಡೆ ಬುಗುರಿ ಬೇಗ ಸುತ್ತುತ್ತೆ, ಹಾಗಾಗಿ ಕೋನದಲ್ಲಿ ಮುಂದೆ ಹೋಗುತ್ತೆ. ಕೆಲವೇ ಸಾವಿರಾಂಶ ಸೆಕೆಂಡಿನ ಮೇಲೆ ಆ ಇಳಿಜಾರನ್ನ ತಿರುವುಮುರುವು ಮಾಡ್ತಾರೆ. ಈಗ ಇದ್ದಲ್ಲೇ ಇದ್ದ ಪ್ರೋಟಾನು ಮೊದಲು ಎಷ್ಟು ಮುಂದೆ ಹೋಗಿತ್ತೋ ಅಷ್ಟೇ ಹಿಂದೆ ಬಂತು, ಲೆಕ್ಕ ಚುಕ್ತಾ, ಸೊನ್ನೆ. ಆದರೆ ರಕ್ತದ ಜೊತೆ ಓಡ್ತಾ ಇದ್ದ ಪ್ರೋಟಾನು ಅಷ್ಟರಲ್ಲಿ ಜಾಗ ಬಿಟ್ಟು ಮುಂದೆ ಹೋಗಿರುತ್ತೆ. ಅದರ ಲೆಕ್ಕ ಚುಕ್ತಾ ಆಗಲ್ಲ, ಸ್ವಲ್ಪ ಕೋನ ಬಾಕಿ ಉಳಿಯುತ್ತೆ. ಜೋರಾಗಿ ಓಡಿದ್ದರೆ ಬಾಕಿ ಜಾಸ್ತಿ, ನಿಧಾನಕ್ಕಾದರೆ ಕಡಿಮೆ, ಉಲ್ಟಾ ಓಡಿದ್ದರೆ ಬಾಕಿಯೂ ಉಲ್ಟಾ. ಆ ಬಾಕಿಯೇ ವೇಗದ ಅಳತೆ. ಯಂತ್ರದೊಳಗೆ ಕೇಳೋ ಟಕಟಕ ಸದ್ದು ಕೂಡ ಇದರದ್ದೇ. ಇಳಿಜಾರು ಮಾಡೋ ಸುರುಳಿಗಳಿಗೆ ವಿದ್ಯುತ್ತನ್ನ ಬಿಟ್ಟು ಹಿಡಿದು ಮಾಡಿದಾಗ ಅವು ಅದುರಿ ಬಡಿದ ಹಾಗೆ ಕೇಳುತ್ತೆ.

ಒಂದು ಮೋಸ ಇದೆ. ಸಿನಿಮಾದಲ್ಲಿ ಗಾಡಿ ಮುಂದೆ ಓಡ್ತಿದ್ದರೂ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತಲ್ಲ, ಹಾಗೇ ಕೋನ ಅರ್ಧ ಸುತ್ತು ದಾಟಿದರೆ ಮುಂದೆ ಓಡೋ ರಕ್ತವೂ ಹಿಂದೆ ಓಡಿದ ಹಾಗೆ ತೋರುತ್ತೆ. ಅದಕ್ಕೇ ಎಷ್ಟು ವೇಗದವರೆಗೆ ಅಳೀಬೇಕು ಅಂತ ಮೊದಲೇ ಅಂದಾಜು ಮಾಡಿ ಯಂತ್ರಕ್ಕೆ ಹೇಳಿಕೊಡಬೇಕು.

ಇದು ಕೈಗೂಡೋಕೆ ಮೊದಲು ಚಿತ್ರ ಬರಬೇಕಾಗಿತ್ತು. 1973ರಲ್ಲಿ ಪಾಲ್ ಲಾಟರ್‌ಬರ್ ಇಂಥದೇ ಇಳಿಜಾರು ಅಯಸ್ಕಾಂತ ಬಲ ಬಳಸಿ ಮೊದಲ ಚಿತ್ರ ಪ್ರಕಟಿಸಿದರು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಬೇಗ ತೆಗೆಯೋ ದಾರಿ ಮಾಡಿದರು. ಇಬ್ಬರಿಗೂ 2003ರಲ್ಲಿ ವೈದ್ಯಕೀಯದ ನೊಬೆಲ್ ಬಂತು. ಬ್ಲಾಕ್ 1971ರಲ್ಲೇ ನಿವೃತ್ತರಾಗಿದ್ದರು. 1977ರಲ್ಲಿ ಬದುಕಿರೋ ಮನುಷ್ಯನ ಎದೆಯ ಚಿತ್ರ ಬಂದಾಗ ಅವರು ಇನ್ನೂ ಇದ್ದರು. 1982ರಲ್ಲಿ ಚಿತ್ರದ ಜೊತೆಗೇ ವೇಗವನ್ನೂ ಅಳೆಯೋ ಉಪಾಯವನ್ನು ಮೊರಾನ್ ಎಂಬುವರು ಪ್ರಕಟಿಸಿದರು. ಮುಂದಿನ ವರ್ಷ, 1983ರ ಸೆಪ್ಟೆಂಬರ್ 10ರಂದು, ಹುಟ್ಟಿದ ಊರು ಜ್ಯೂರಿಕ್‌ನಲ್ಲೇ ಬ್ಲಾಕ್ ತೀರಿಕೊಂಡರು. ಆಗ ಅವರಿಗೆ 77 ವರ್ಷ. ಆಸ್ಪತ್ರೆಗಳಲ್ಲಿ ಇದು ನಿಜವಾಗಿ ರೂಢಿಗೆ ಬಂದದ್ದು ಅವರು ಹೋದ ಮೇಲೆ.

ಈಗ ಒಂದು ಲೆಕ್ಕ ಮಾಡೋಣ, ಕ್ಲಾಸಿನಲ್ಲಿ ಮಾಡೋ ಥರ. ಸುಮ್ಮನೆ ಕೂತ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತೆ. ಅಂದ್ರೆ ಸೆಕೆಂಡಿಗೆ ಸುಮಾರು 83 ಮಿಲಿಲೀಟರ್. ಹೃದಯದಿಂದ ಹೊರಡೋ ಮಹಾಪಧಮನಿಯ ಅಗಲ ಎರಡೂವರೆ ಸೆಂಟಿಮೀಟರ್ ಅಂದುಕೊಂಡರೆ ಅದರ ಬಾಯಿ ಸುಮಾರು 5 ಚದರ ಸೆಂಟಿಮೀಟರ್. 83ನ್ನ 5ರಿಂದ ಭಾಗಿಸಿ, ಹತ್ತಿರ ಹತ್ತಿರ 17 ಬರುತ್ತೆ. ಅಲ್ಲಿಗೆ ರಕ್ತದ ಸರಾಸರಿ ವೇಗ ಸೆಕೆಂಡಿಗೆ 17 ಸೆಂಟಿಮೀಟರ್. ಆದರೆ ಇದು ನಾಲೆಯ ಹಾಗೆ ಒಂದೇ ಸಮ ಹರಿಯಲ್ಲ. ಹೃದಯ ಹಿಂಡಿದಾಗ ಒಂದು ಮೀಟರಿನ ತನಕ ಚಿಮ್ಮುತ್ತೆ, ಆಮೇಲೆ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಅದಕ್ಕೇ ಯಂತ್ರ ನಾಡಿಯ ಬಡಿತಕ್ಕೆ ತಾಳ ಹಾಕಿಕೊಂಡು, ಒಂದು ಬಡಿತವನ್ನು ಇಪ್ಪತ್ತು ಮೂವತ್ತು ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ಚಿತ್ರ ತೆಗೆಯುತ್ತೆ. ಆ ಚಿತ್ರದಲ್ಲಿ ಒಂದು ಕಡೆ ಹರಿಯೋ ರಕ್ತ ಬೆಳ್ಳಗೆ, ಎದುರು ದಿಕ್ಕಿನದು ಕಪ್ಪಗೆ, ಅಲ್ಲಾಡದ ಮಾಂಸ ಬೂದು ಬಣ್ಣ.

ನಮ್ಮ ಹಳ್ಳಿಗಳಲ್ಲಿ ಮಗುವಿಗೆ ಹೃದಯದಲ್ಲಿ ತೂತು ಇದೆಯಂತೆ ಅಂತ ಹೇಳೋದು ಕೇಳಿದ್ದೀವಲ್ಲ. ತೂತು ಇದೆಯೋ ಇಲ್ಲವೋ ಅನ್ನೋದು ಎಕೋ ಪರೀಕ್ಷೆಯಲ್ಲೇ ಸಾಮಾನ್ಯವಾಗಿ ಗೊತ್ತಾಗುತ್ತೆ. ಅದರಿಂದ ಎಷ್ಟು ರಕ್ತ ದಾರಿ ತಪ್ಪುತ್ತಿದೆ ಅಂತ ಸರಿಯಾಗಿ ಲೆಕ್ಕ ಬೇಕಾದರೆ ಎಂ.ಆರ್.ಐ. ಸಹಾಯಕ್ಕೆ ಬರುತ್ತೆ. ಮೈಗೆ ಹೋಗೋ ದೊಡ್ಡ ನಾಳದ ಹರಿವು ಒಂದು, ಶ್ವಾಸಕೋಶಕ್ಕೆ ಹೋಗೋ ನಾಳದ ಹರಿವು ಇನ್ನೊಂದು. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಶ್ವಾಸಕೋಶಕ್ಕೆ ಹೋಗೋದು ಎರಡರಷ್ಟಾಗಿದ್ದರೆ ಹೃದಯ ಸುಮ್ಮನೆ ದುಪ್ಪಟ್ಟು ದುಡೀತಿದೆ ಅಂತ ಅರ್ಥ. ಆಪರೇಷನ್ ಬೇಕೋ, ಕಾಯಬಹುದೋ ಅಂತ ಡಾಕ್ಟರು ಯೋಚಿಸುವಾಗ ಈ ಅಂಕಿ ಅವರ ಮುಂದೆ ಇರುತ್ತೆ. ಕವಾಟ ಸೋರ್ತಾ ಇದ್ದರೂ ಹೀಗೇ. ಮುಂದೆ 90 ಮಿಲಿಲೀಟರ್ ಹೋಗಿ 30 ಹಿಂದೆ ಬಂದರೆ, ಮೈಗೆ ದಕ್ಕಿದ್ದು 60 ಮಾತ್ರ. ಸ್ಟೆತಾಸ್ಕೋಪಿಗೆ ಸೋರೋ ಸದ್ದು ಕೇಳೀತು, ಆದರೆ ಈ ಮೂವತ್ತು ಅನ್ನೋದು ಕೇಳಲ್ಲ.

ಮಿದುಳಿಗೆ ಇನ್ನೊಂದು ಬಗೆ ಇದೆ, 1992ರಲ್ಲಿ ಬಂದದ್ದು. ಕುತ್ತಿಗೆಯ ಹತ್ತಿರವೇ ರೇಡಿಯೋ ಅಲೆಯಿಂದ ರಕ್ತದ ಪ್ರೋಟಾನುಗಳನ್ನ ತಲೆಕೆಳಗು ಮಾಡಿ ಕಳಿಸ್ತಾರೆ. ಒಂದೆರಡು ಸೆಕೆಂಡು ಕಾದು ಮಿದುಳಿನ ಚಿತ್ರ ತೆಗೀತಾರೆ. ಗುರುತು ಹಾಕದೆ ಇನ್ನೊಂದು ಚಿತ್ರ ತೆಗೀತಾರೆ. ಒಂದರಲ್ಲಿ ಇನ್ನೊಂದನ್ನ ಕಳೆದರೆ ಎಲ್ಲೆಲ್ಲಿಗೆ ರಕ್ತ ಮುಟ್ಟಿದೆ, ಎಲ್ಲಿ ಮುಟ್ಟಿಲ್ಲ ಅನ್ನೋದು ಕಾಣುತ್ತೆ. ಔಷಧವಿಲ್ಲ, ಬಣ್ಣವಿಲ್ಲ, ರಕ್ತಕ್ಕೆ ರಕ್ತವೇ ಗುರುತು. ಮಿದುಳಿನ ಪ್ರತಿ 100 ಗ್ರಾಮಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬೇಕು. ಅದು 20ಕ್ಕಿಂತ ಕೆಳಗೆ ಇಳಿದರೆ ಆ ಭಾಗ ಕೆಲಸ ನಿಲ್ಲಿಸೋಕೆ ಶುರುಮಾಡುತ್ತೆ, ಹತ್ತರ ಹತ್ತಿರಕ್ಕೆ ಬಂದು ಹಾಗೇ ನಿಂತರೆ ಸತ್ತೇ ಹೋಗುತ್ತೆ. ಲಕ್ವ ಹೊಡೆದ ತಕ್ಷಣ ಅರಿಶಿನ ಹಚ್ಚಿ, ನಾಳೆ ನೋಡೋಣ ಅಂತ ಮಲಗಿಸದೆ ಆಗಲೇ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಓಡಬೇಕು ಅಂತ ಹೇಳೋದು ಈ ಅಂಕಿಗಳಿಗಾಗಿಯೇ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ಸಾಮಾನ್ಯವಾಗಿ ಇರೋ ಅವಧಿ ನಾಲ್ಕೂವರೆ ಗಂಟೆ. ಅರಕಲಗೂಡಿನ ಆಚೆಯ ಹಳ್ಳಿಯಿಂದ ಹೊರಟವರಿಗೆ ಅದರಲ್ಲಿ ಒಂದು ಗಂಟೆಗೂ ಮೇಲೆ ದಾರಿಯಲ್ಲೇ ಕಳೆದಿರುತ್ತೆ.